ಹುಳುವಿನಲ್ಲಿ ಸಿಕ್ಕ ಸುಳಿವು

ಸಿ. ಎಲಿಗನ್ಸ್ ಎಂಬುದು ಒಂದು ಮಿಲಿಮೀಟರ್ ಉದ್ದದ ಹುಳು. ಅದರ ಬೆಳವಣಿಗೆಯ ಕ್ರಮ ಕೆಲವೊಮ್ಮೆ ಏಕೆ ತಪ್ಪುತ್ತದೆ? ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಈ ಪ್ರಶ್ನೆಯ ಬೆನ್ನುಹತ್ತಿದ್ದರು. 1993ರಲ್ಲಿ ಸಿಕ್ಕ ಉತ್ತರ ಯಾರೂ ಊಹಿಸದಂಥದ್ದು. ಲಿನ್-4 ಎಂಬ ಜೀನ್ ಯಾವ ಪ್ರೋಟೀನನ್ನೂ ತಯಾರಿಸುತ್ತಿರಲಿಲ್ಲ. ಅದರಿಂದ ಹುಟ್ಟುತ್ತಿದ್ದುದು 22 ನ್ಯೂಕ್ಲಿಯೋಟೈಡ್‌ಗಳ ಪುಟ್ಟ ಆರ್‌ಎನ್‌ಎ. ಅದು ಇನ್ನೊಂದು ಜೀನಿನ ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನೇ ತಡೆಯುತ್ತಿತ್ತು.

ಇದು ಹುಳುವಿನ ಪಾಡು ಎಂದುಕೊಂಡವರೇ ಹೆಚ್ಚು. 2000ದಲ್ಲಿ ರವ್ಕುನ್ ತಂಡ, ಲೆಟ್-7 ಎಂಬ ಅಂಥದ್ದೇ ತುಣುಕು ಮನುಷ್ಯರಲ್ಲೂ ಇದೆಯೆಂದು ತೋರಿಸಿದ ಮೇಲೆ ಹುಡುಕಾಟ ಬಿರುಸಾಯಿತು. ಮರುವರ್ಷವೇ ಮೈಕ್ರೋಆರ್‌ಎನ್‌ಎ ಎಂಬ ಹೆಸರು ಬಂತು.

ಕಾಯಿಲೆಯ ನಂಟು ಕಾಣಲು ತಡವಾಗಲಿಲ್ಲ. ಒಂದು ಬಗೆಯ ರಕ್ತ ಕ್ಯಾನ್ಸರ್ ಇರುವ ಅನೇಕರಲ್ಲಿ 13ನೇ ವರ್ಣತಂತುವಿನ ಚೂರೊಂದು ಕಳೆದುಹೋಗಿರುತ್ತದೆ. ಆ ಚೂರಿನಲ್ಲಿ ಎರಡು ಮೈಕ್ರೋಆರ್‌ಎನ್‌ಎಗಳ ನೆಲೆಯಿದೆ ಎಂದು 2002ರಲ್ಲಿ ಕಾರ್ಲೋ ಕ್ರೋಚೆ ತಂಡ ಕಂಡುಕೊಂಡಿತು.

ರೋಗಪತ್ತೆಯ ಆಸೆ ಚಿಗುರಿದ್ದು 2008ರಲ್ಲಿ. ರಕ್ತದಲ್ಲಿ ಆರ್‌ಎನ್‌ಎಯನ್ನು ಚೂರುಮಾಡುವ ಕಿಣ್ವಗಳಿದ್ದರೂ ಮೈಕ್ರೋಆರ್‌ಎನ್‌ಎಗಳು ಅಲ್ಲಿ ಹಾಳಾಗದೆ ಉಳಿಯುತ್ತವೆ, ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದವರಲ್ಲಿ ಮಿಆರ್-141 ಎಂಬ ಮೈಕ್ರೋಆರ್‌ಎನ್‌ಎಯ ಮಟ್ಟ ಏರಿರುತ್ತದೆ ಎಂದು ಮುನೀಶ್ ತೆವಾರಿ ಮತ್ತು ಸಂಗಡಿಗರು ವರದಿ ಮಾಡಿದರು. ಆದರೆ ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೂ ಲೆಕ್ಕ ತಪ್ಪುತ್ತದೆ. ಹಾಗಾಗಿ ಮಾದರಿ ಜೋಪಾನ ಮಾಡುವುದೇ ಪ್ರಯೋಗಾಲಯಗಳ ದೊಡ್ಡ ಕೆಲಸ.

ಚಿಕಿತ್ಸೆಯ ಹಾದಿ ಇನ್ನೂ ಕಠಿಣ.

ಯಕೃತ್ತಿನಲ್ಲಿ ಹೇರಳವಾಗಿರುವ ಮಿಆರ್-122 ಇಲ್ಲದೆ ಹೆಪಟೈಟಿಸ್ ಸಿ ವೈರಸ್ ವೃದ್ಧಿಯಾಗಲಾರದು ಎಂದು 2005ರಲ್ಲಿ ಪೀಟರ್ ಸಾರ್ನೊ ತಂಡ ತೋರಿಸಿತು. ವೈರಸ್‌ಗೆ ಆಸರೆಯಾದುದನ್ನೇ ಕಟ್ಟಿಹಾಕಿದರೆ? ಡೆನ್ಮಾರ್ಕ್‌ನ ಸಾಂಟಾರಿಸ್ ಕಂಪನಿ ಸಿದ್ಧಪಡಿಸಿದ ಮಿರಾವಿರ್ಸೆನ್ ಚುಚ್ಚುಮದ್ದು ಮಾಡಿದ್ದು ಅದನ್ನೇ. 36 ರೋಗಿಗಳ ಪ್ರಯೋಗದ ಫಲಿತಾಂಶ 2013ರಲ್ಲಿ ಹೊರಬಿತ್ತು. ಔಷಧದ ಪ್ರಮಾಣ ಏರಿದಂತೆ ವೈರಸ್ ಇಳಿದಿತ್ತು. ಅದೇ ವರ್ಷ ಸೊಫೊಸ್ಬುವಿರ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನುಂಗುವ ಮಾತ್ರೆಯಲ್ಲೇ ಕಾಯಿಲೆ ಗುಣವಾಗತೊಡಗಿದಾಗ ಚುಚ್ಚುಮದ್ದು ಹಿಂದುಳಿಯಿತು.

ಕ್ಯಾನ್ಸರ್‌ಗಾಗಿ ಮಿಆರ್-34ರ ಪ್ರತಿರೂಪವನ್ನು ದೇಹಕ್ಕೆ ತುಂಬುವ ಪ್ರಯೋಗವನ್ನಂತೂ ರೋಗನಿರೋಧಕ ವ್ಯವಸ್ಥೆ ತೀವ್ರವಾಗಿ ಕೆರಳಿದ್ದರಿಂದ 2016ರಲ್ಲಿ ನಿಲ್ಲಿಸಬೇಕಾಯಿತು. ಒಂದೊಂದು ಮೈಕ್ರೋಆರ್‌ಎನ್‌ಎ ಹಲವಾರು ಜೀನ್‌ಗಳನ್ನು ಹಿಡಿತದಲ್ಲಿಡುತ್ತದೆ. ಅದರ ಬಲವೂ ಅದೇ, ಅಪಾಯವೂ ಅದೇ.

ಆಂಬ್ರೋಸ್ ಮತ್ತು ರವ್ಕುನ್‌ಗೆ 2024ರಲ್ಲಿ ನೊಬೆಲ್ ಬಂತು. ಈಗ ವೈದ್ಯರ ಕಣ್ಣು ಮೂತ್ರಪಿಂಡದ ಮೇಲಿದೆ. ವಂಶಪಾರಂಪರ್ಯವಾಗಿ ಬರುವ ಒಂದು ಕಾಯಿಲೆಯಲ್ಲಿ ಮೂತ್ರಪಿಂಡದ ತುಂಬ ನೀರ್ಗುಳ್ಳೆಗಳೆದ್ದು, ಹಲವರು ಕೊನೆಗೆ ಡಯಾಲಿಸಿಸ್‌ಗೆ ಹೋಗಬೇಕಾಗುತ್ತದೆ. ಅದಕ್ಕಾಗಿ ಮಿಆರ್-17ನ್ನು ತಡೆಯುವ ಫರಾಬರ್ಸೆನ್ ಔಷಧ ರೂಪಿಸಿದ ರೆಗ್ಯುಲಸ್ ಕಂಪನಿಯನ್ನು 2025ರಲ್ಲಿ ನೋವಾರ್ಟಿಸ್ ಕೊಂಡಿದೆ.