ಕೋಳಿಮರಿಯೂ ಕಡಲೆಕಾಯಿ ಹಿಂಡಿಯೂ

ಎಣ್ಣೆಬೀಜವನ್ನು ಗಾಣದಲ್ಲಿ ಅರೆದು ಎಣ್ಣೆಯನ್ನು ತೆಗೆದ ಮೇಲೆ ಉಳಿಯುವುದು ಹಿಂಡಿ. ಅದನ್ನು ದನಕರುಗಳಿಗೆ ತಿನ್ನಿಸುವುದು ನಮ್ಮಲ್ಲಿ ಹಳೆಯ ರೂಢಿ. ಮಾಂಸಕ್ಕಾಗಿ ಸಾಕುವ ಬ್ರಾಯ್ಲರ್ ಕೋಳಿಗೂ ಹಿಂಡಿಯೇ ಆಧಾರ. ಹುಟ್ಟಿದಾಗ ಸುಮಾರು 40 ಗ್ರಾಂ ತೂಗುವ ಈ ಮರಿ ಆರು ವಾರಗಳೊಳಗೆ 2 ಕಿಲೋಗ್ರಾಂ ಮೀರುತ್ತದೆ. ಇಷ್ಟು ಶೀಘ್ರವಾಗಿ ಬೆಳೆಯಲು ಅದರ ಆಹಾರದಲ್ಲಿ ನೂರಕ್ಕೆ ಸುಮಾರು 20 ಭಾಗ ಪ್ರೋಟೀನು ಬೇಕು. ಮುಸುಕಿನ ಜೋಳದಲ್ಲಿರುವುದು ಅದರ ಅರ್ಧಕ್ಕಿಂತಲೂ ಕಡಿಮೆ. ಈ ಕೊರತೆಯನ್ನು ಹಿಂಡಿ ತುಂಬುತ್ತದೆ.

ಹೆಚ್ಚಾಗಿ ಬಳಕೆಯಲ್ಲಿರುವುದು ಸೋಯಾ ಹಿಂಡಿ. ಅದರ ಬೆಲೆ ಏರಿದಾಗ ಕಡಲೆಕಾಯಿ, ಸೂರ್ಯಕಾಂತಿ, ಎಳ್ಳು ಇವುಗಳ ಹಿಂಡಿಯತ್ತ ದೃಷ್ಟಿ ಹರಿಯುವುದು ಸಹಜ. ಆದರೆ ಒಂದರ ಬದಲು ಇನ್ನೊಂದನ್ನು ತೂಗಿ ಹಾಕಿದರೆ ಸಾಲದು. ಪ್ರೋಟೀನು ಅಮೈನೊ ಆಮ್ಲಗಳೆಂಬ ಹಲವು ಬಗೆಯ ಇಟ್ಟಿಗೆಗಳಿಂದಾದ ಗೋಡೆ. ಒಂದು ಬಗೆ ಮುಗಿದರೆ ಉಳಿದವು ಎಷ್ಟಿದ್ದರೂ ಗೋಡೆ ಏಳದು. ಎಳ್ಳು ಹಿಂಡಿಯಲ್ಲಿ ಮಿಥಿಯೊನಿನ್ ಹೇರಳ, ಲೈಸಿನ್ ಕಡಿಮೆ. ಸೋಯಾದಲ್ಲಿ ಇದಕ್ಕೆ ವಿಪರ್ಯಯ. ಎರಡನ್ನೂ ಬೆರೆಸಿದರೆ ಒಂದರ ಕೊರತೆಯನ್ನು ಇನ್ನೊಂದು ನೀಗುತ್ತದೆ. ಕಡಲೆಕಾಯಿ ಹಿಂಡಿಯಲ್ಲಿ ಪ್ರೋಟೀನು ಯಥೇಚ್ಛವಾಗಿದ್ದರೂ ಈ ಎರಡು ಆಮ್ಲಗಳೂ ಸಾಲವು.

ಹಸಿ ಸೋಯಾದಲ್ಲಿ ಟ್ರಿಪ್ಸಿನ್ ಎಂಬ ಜೀರ್ಣಕಾರಿ ಕಿಣ್ವವನ್ನು ತಡೆಯುವ ವಸ್ತುವುಂಟು. ಹದವಾಗಿ ಕಾಯಿಸಿದರೆ ಅದು ನಾಶವಾಗುತ್ತದೆ. ಹಾಗಾದರೆ ಎಲ್ಲ ದೋಷಕ್ಕೂ ಶಾಖವೇ ಮದ್ದೆ? ಅಲ್ಲವೆಂಬುದನ್ನು ಕಡಲೆಕಾಯಿ ಕಲಿಸಿತು.

1960ರಲ್ಲಿ ಇಂಗ್ಲೆಂಡಿನಲ್ಲಿ ಕೆಲವೇ ತಿಂಗಳುಗಳೊಳಗೆ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ಕಾರಣ ತಿಳಿಯದೆ ಇದನ್ನು ‘ಟರ್ಕಿ ಎಕ್ಸ್ ರೋಗ’ವೆಂದು ಕರೆದರು. ಮೇವಿನ ಜಾಡು ಹಿಡಿದು ಹೋದಾಗ ದೊರೆತುದು ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಅದರಲ್ಲಿ ವಿಷವನ್ನು ಬಿಟ್ಟಿತ್ತು. ಬೂಷ್ಟಿನ ಹೆಸರಿನಿಂದಲೇ ಆ ವಿಷಕ್ಕೆ ‘ಅಫ್ಲಟಾಕ್ಸಿನ್’ ಎಂದು ಹೆಸರಾಯಿತು. ಅದು ಮರಿಯ ಯಕೃತ್ತನ್ನು ಕೆಡಿಸುತ್ತದೆ. ಮನುಷ್ಯನಲ್ಲಿ ಯಕೃತ್ತಿನ ಕ್ಯಾನ್ಸರಿಗೂ ಕಾರಣವಾಗಬಲ್ಲುದು. ಅಡಿಗೆಯ ಶಾಖಕ್ಕೆ ಅದು ಜಗ್ಗದು.

ಕಣ್ಣಿಗೆ ಕಾಣದ ಈ ವಿಷವನ್ನು ಬೆಳಕೇ ತೋರಿಸಿಕೊಟ್ಟಿತು. ಹಿಂಡಿಯಿಂದ ಬೇರ್ಪಡಿಸಿದ ವಿಷದ ಮೇಲೆ ಅತಿನೇರಳೆ ಕಿರಣ ಬಿದ್ದಾಗ ಒಂದು ಬಗೆ ನೀಲಿಯಾಗಿಯೂ ಇನ್ನೊಂದು ಹಸಿರಾಗಿಯೂ ಹೊಳೆಯಿತು. ಅಣುವು ಕಿರಣದ ಶಕ್ತಿಯನ್ನು ಹೀರಿ, ಸ್ವಲ್ಪ ಭಾಗವನ್ನು ಶಾಖವಾಗಿ ಕಳೆದು, ಉಳಿದುದನ್ನು ಹೆಚ್ಚು ತರಂಗಾಂತರದ ಬೆಳಕಾಗಿ ಹೊರಸೂಸುತ್ತದೆ. ಭೌತಶಾಸ್ತ್ರದಲ್ಲಿ ನಾವು ಓದುವ ಪ್ರತಿದೀಪ್ತಿಯೆಂದರೆ ಇದೇ. ನೀಲಿ, ಹಸಿರುಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳಿಂದಲೇ ‘ಬಿ’ ಮತ್ತು ‘ಜಿ’ ಎಂಬ ವರ್ಗಗಳಾದುವು. ಕೋಳಿಯ ಮೇವಿನಲ್ಲಿ ‘ಬಿ1’ ವಿಷಕ್ಕೆ ಐರೋಪ್ಯ ಒಕ್ಕೂಟ ವಿಧಿಸಿರುವ ಮಿತಿ ಟನ್ನಿಗೆ 20 ಮಿಲಿಗ್ರಾಂ. ಎಳೆಯ ಮರಿಗಳಿಗೆ ಇದಕ್ಕಿಂತಲೂ ಕಡಿಮೆ. ಇಷ್ಟು ಅಲ್ಪವಾದುದನ್ನು ಅಳೆಯಲು ಇಂದಿಗೂ ಈ ಹೊಳಪು ನೆರವಾಗುತ್ತಿದೆ.

ಆದರೂ ಹುಡುಕುವುದಕ್ಕಿಂತ ತಡೆಯುವುದು ಲೇಸು. ಚಳ್ಳಕೆರೆ, ಪಾವಗಡಗಳಂಥ ಕಡಲೆಕಾಯಿ ಸೀಮೆಯಲ್ಲಿ ಕಿತ್ತ ಬೆಳೆ ಮಳೆಗೆ ಸಿಕ್ಕಿ ತೇವವಾಗಿಯೇ ಉಳಿದರೆ ಬೂಷ್ಟಿಗೆ ಹಬ್ಬ. ಬೀಜದ ತೇವಾಂಶವು ನೂರಕ್ಕೆ ಏಳೆಂಟು ಭಾಗಕ್ಕೆ ಇಳಿಯುವವರೆಗೆ ಒಣಗಿಸಿ, ಮುರುಟಿದ, ಬೂಷ್ಟು ಹಿಡಿದ ಕಾಳುಗಳನ್ನು ಆರಿಸಿ ತೆಗೆದರೆ ಹಿಂಡಿಯು ಬಹುಮಟ್ಟಿಗೆ ನಿರಪಾಯವಾಗುತ್ತದೆ. ಕೋಳಿಮರಿಯ ಆರೋಗ್ಯ ಮೊದಲಾಗುವುದು ರೈತನ ಕಣದಲ್ಲಿ.