ಹೋಗಿ ಬರುವವರ ಊರು

ಮನೆಯ ಹೊಸಿಲು ದಾಟುವ ಕನ್ನಡಿಗ ‘ಹೋಗುತ್ತೇನೆ’ ಎನ್ನುವುದಿಲ್ಲ. ‘ಹೋಗಿ ಬರುತ್ತೇನೆ’ ಎನ್ನುತ್ತಾನೆ. ಬಾಯಿತಪ್ಪಿ ಮೊದಲಿನ ಮಾತನ್ನಾಡಿದ ಮಗುವನ್ನು ಹಿರಿಯರು ತಡೆದು ನಿಲ್ಲಿಸಿ ತಿದ್ದುವುದುಂಟು. ಹೊರಡುವ ಮಾತಿನೊಳಗೇ ಮರಳುವ ಮಾತನ್ನು ಕಟ್ಟಿಕೊಡುವ ಈ ಪದ್ಧತಿ ನೆರೆಯ ತಮಿಳು ತೆಲುಗುಗಳಲ್ಲಿಯೂ ಇದೆ. ಆದರೆ ನಮ್ಮ ಪ್ರವಾಸಗ್ರಂಥಗಳ ಮಾತು ಬೇರೆ. ಕಾರಂತರ ‘ಅಪೂರ್ವ ಪಶ್ಚಿಮ’, ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಮೊದಲಾದ ಪುಸ್ತಕಗಳ ಹೆಸರುಗಳೇ ಹೋದ ದಿಕ್ಕನ್ನು ತೋರಿಸುತ್ತವೆ. ಅದು ಸಹಜವೂ ಹೌದು. ಕಾಣದ ದೇಶವನ್ನು ಕಂಡವನಿಂದ ಓದುಗರು ಆ ದೇಶದ ಸಂಗತಿಯನ್ನು ಕೇಳುತ್ತಾರೆಯೇ ಹೊರತು ಅವನ ಮನೆಯ ಸಂಗತಿಯನ್ನಲ್ಲ. ಆದರೂ ‘ಬರುವುದು’ ಎಂಬ ಕ್ರಿಯೆಯಲ್ಲಿ ‘ಹೋಗುವುದ’ಕ್ಕಿಂತ ಕಡಮೆ ಅರ್ಥವೇನೂ ಇಲ್ಲವೆಂದು ಈಚೆಗೆ ನನಗೆ ತೋರಿದೆ.

ನಾನು ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಕೋರಮಂಡಲ್‌ನಲ್ಲಿ. ಕನ್ನಡ ಪಾಠ ಹೇಳಿಕೊಂಡು ನೆಲೆಸಿದ್ದು ಬಂಗಾರಪೇಟೆಯಲ್ಲಿ. ಇವೆರಡರ ನಡುವೆ ರೈಲಿನಲ್ಲಿ ಕೆಲವೇ ನಿಮಿಷಗಳ ದಾರಿ. ಹೀಗಿದ್ದ ನಾನು ನಿವೃತ್ತನಾದ ಮೇಲೆ, ನೈರೋಬಿಯಲ್ಲಿ ಉದ್ಯೋಗದಲ್ಲಿರುವ ಅಕ್ಕನ ಮಗನ ಒತ್ತಾಯಕ್ಕೂ ಅವನ ಹಣದ ಬೆಂಬಲಕ್ಕೂ ಮಣಿದು, ಆರು ವಾರಗಳ ಕಾಲ ನೆಲದ ಮಾರ್ಗವಾಗಿಯೇ ನೈರೋಬಿಯಿಂದ ಜೊಹಾನ್ಸ್‌ಬರ್ಗಿನವರೆಗೆ ಪಯಣಿಸಿದೆ. ಆಸನಗಳನ್ನು ಜೋಡಿಸಿದ ಲಾರಿಯೊಂದರಲ್ಲಿ ಹದಿನೆಂಟು ಮಂದಿ; ರಾತ್ರಿ ಗುಡಾರ, ಬೆಳಗ್ಗೆ ಮತ್ತೆ ರಸ್ತೆ. ಇದಕ್ಕೆ ‘ಸಫಾರಿ’ ಎಂದು ಹೆಸರು. ನಮ್ಮ ಕಿವಿಗೆ ಈ ಪದ ಸಿಂಹ ಆನೆಗಳನ್ನು ನೆನಪಿಗೆ ತರುತ್ತದೆ. ಆದರೆ ಸ್ವಾಹಿಲಿ ಭಾಷೆಯಲ್ಲಿ ಅದಕ್ಕೆ ಪ್ರಯಾಣವೆಂದಷ್ಟೇ ಅರ್ಥ. ಮಗಳ ಮನೆಗೆ ಹೊರಟ ಮುದುಕಿಯದೂ ಸಫಾರಿಯೇ. ಅದರ ಮೂಲ ಅರಬ್ಬಿಯ ‘ಸಫರ್’. ಕೋಲಾರದ ಪೇಟೆಬೀದಿಯಲ್ಲಿ ಉರ್ದುವಿನ ಮೂಲಕ ದಿನವೂ ಕೇಳಿಬರುವ ಮಾತು.

ಹೊರಡುವ ಹಿಂದಿನ ರಾತ್ರಿ ಸೋದರಳಿಯ ನನಗೊಂದು ಕೆಲಸ ಹಚ್ಚಿದ. “ಮಾವ, ಊರಿಗೆ ಹೋದ ಮೇಲೆ ಅಮ್ಮನಿಗೆ ನೀವೇ ಹೇಳಬೇಕು. ಕೋರಮಂಡಲ್ ಮನೆ ಬಿಟ್ಟು ಬೆಂಗಳೂರಲ್ಲಿ ತಂಗಿ ಹತ್ತಿರ ಹೋಗಿರಲಿ. ಅಲ್ಲಿ ಇನ್ನೇನು ಉಳಿದಿದೆ?” ಎಂದ. ಭಾವ ತೀರಿಕೊಂಡು ಕೆಲವು ವರ್ಷಗಳಾಗಿವೆ, ಅಕ್ಕ ಒಬ್ಬಳೇ. ಮಗನ ಮಾತಿನಲ್ಲಿ ಕಾಳಜಿಯಲ್ಲದೆ ಬೇರೆ ಏನೂ ಇರಲಿಲ್ಲ. ‘ಆಗಲಿ’ ಎಂದೆ. ದಾರಿಯುದ್ದಕ್ಕೂ ನನ್ನ ಗಂಟುಮೂಟೆಗಿಂತ ಹೆಚ್ಚು ಭಾರವಾಗಿದ್ದದ್ದು ಈ ಒಂದು ಮಾತು.

ದೂರ ಹೋದಂತೆ ಊರು ಮರೆಯಬೇಕು. ನನಗಾದದ್ದು ಬೇರೆ. ನೈರೋಬಿಯ ನೆಲಕ್ಕೆ ನಮ್ಮ ನಾಡಿನ ನಂಟು ಹಳೆಯದು. ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗಿನ ರೈಲುದಾರಿಯನ್ನು 1896ರಿಂದ 1901ರವರೆಗೆ ಕಟ್ಟಿದವರು ಹಿಂದೂಸ್ಥಾನದಿಂದ ಹೋದ ಕೂಲಿಗಳು. ಹಡಗೇರಿದ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಸುಮಾರು 2,500 ಜನ ಅಲ್ಲಿಯೇ ಮಡಿದರು. ಆರೇಳು ಸಾವಿರ ಜನ ಅಲ್ಲಿಯೇ ನೆಲೆನಿಂತರು. ಉಳಿದವರು ಊರಿಗೆ ಮರಳಿದರು. ಚಪಾತಿ, ಗಾಡಿ ಮುಂತಾದ ಪದಗಳು ಸ್ವಾಹಿಲಿಯಲ್ಲಿ ಇಂದಿಗೂ ಉಳಿದಿವೆ. ಒಂದು ಮುಂಜಾನೆ ಹಳ್ಳಿಯ ಅಂಗಡಿಯೊಂದರಲ್ಲಿ ಕಂದುಬಣ್ಣದ ಬಿಸಿ ಗಂಜಿಯನ್ನು ನನ್ನ ಕೈಗಿತ್ತರು. ಒಂದು ಗುಟುಕಿಗೇ ತಿಳಿಯಿತು: ರಾಗಿ! ಅವರು ಅದನ್ನು ‘ವಿಂಬಿ’ ಎನ್ನುತ್ತಾರೆ. ಪೂರ್ವ ಆಫ್ರಿಕದ ಎತ್ತರದ ನೆಲವೇ ರಾಗಿಯ ತವರೆಂದು ಸಸ್ಯಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದ ಆ ಕಾಳು ಕೋಲಾರ ಸೀಮೆಯ ಕೆಂಪು ಮಣ್ಣಿನಲ್ಲಿ ಬೇರೂರಿ, ಮುದ್ದೆಯಾಗಿ, ನಮ್ಮ ಮನೆಯದೇ ಆಗಿಹೋಯಿತು. ನಮಗಿಂತ ಮುಂಚೆಯೇ ಈ ದಾರಿ ನಡೆದು, ಮರಳದೆ ಉಳಿದ ಪ್ರಯಾಣಿಕ ಅದು.

ಜಾಂಬೆಜಿ ನದಿಯ ಜಲಪಾತದ ಮುಂದೆ ನಿಂತಾಗಲೂ ಗಣಿಯೇ ನೆನಪಾಯಿತು. ಸುಮಾರು 1,700 ಮೀಟರು ಅಗಲ, ನೂರು ಮೀಟರಿಗೂ ಮೀರಿದ ಆಳ. ‘ಗುಡುಗುವ ಹೊಗೆ’ ಎಂಬರ್ಥದ ಸ್ಥಳೀಯ ಹೆಸರು ಅದಕ್ಕೆ ಸರಿಯಾಗಿ ಒಪ್ಪುತ್ತದೆ. ಈ ನೀರಿನಿಂದ ವಿದ್ಯುತ್ತನ್ನು ತೆಗೆದು ಜೊಹಾನ್ಸ್‌ಬರ್ಗಿನ ಚಿನ್ನದ ಗಣಿಗಳಿಗೆ ಒಯ್ಯಬೇಕೆಂದು 1906ರಲ್ಲಿ ಒಂದು ಕಂಪನಿಯೇ ಹುಟ್ಟಿತು. ದೂರ ಬಹಳವಾಯಿತೆಂದು ಕಡೆಗೆ ಅವರು ಕಲ್ಲಿದ್ದಲನ್ನೇ ಸುಟ್ಟು ವಿದ್ಯುತ್ ಮಾಡಿಕೊಂಡರು. ಅದಕ್ಕೆ ನಾಲ್ಕು ವರ್ಷ ಮುಂಚೆ, 1902ರಲ್ಲಿಯೇ, ಶಿವನಸಮುದ್ರದ ಕಾವೇರಿಯ ಬಲ 147 ಕಿಲೋಮೀಟರು ತಂತಿಯ ಮೇಲೆ ಹರಿದು ನಮ್ಮ ಗಣಿಯ ಯಂತ್ರಗಳನ್ನು ತಿರುಗಿಸಿತ್ತು. ಸಹಪ್ರಯಾಣಿಕರಿಗೆ ನಾನು ಇದನ್ನು ಹೇಳಿದಾಗ ನನ್ನ ದನಿಯಲ್ಲಿ ಹೆಮ್ಮೆಯಿದ್ದಿರಬೇಕು, ಒಬ್ಬಾಕೆ ನಕ್ಕು, “ಈಗಲೂ ಆ ಗಣಿ ನಡೆಯುತ್ತಿದೆಯೆ?” ಎಂದು ಕೇಳಿದಳು. 2001ರ ಫೆಬ್ರವರಿ 28ರಂದು ಮುಚ್ಚಿತೆಂದು ಹೇಳಬೇಕಾಯಿತು.

ಜೊಹಾನ್ಸ್‌ಬರ್ಗನ್ನು ಸಮೀಪಿಸುವಾಗ ಊರಿಗಿಂತ ಮೊದಲು ಕಂಡವು ಅದರ ದಿಬ್ಬಗಳು. ಅದಿರನ್ನು ಅರೆದು, ಸೈನೈಡ್ ದ್ರಾವಣದಿಂದ ಚಿನ್ನವನ್ನು ಕರಗಿಸಿ ತೆಗೆದು, ಮಿಕ್ಕ ಹುಡಿಯನ್ನು ರಾಶಿ ಹಾಕಿದ ಗುಡ್ಡಗಳು. ಅಲ್ಲಿನವು ಹಳದಿ, ನಮ್ಮವು ಬೂದು, ಅಷ್ಟೇ ವ್ಯತ್ಯಾಸ. ಐದು ಸಾವಿರ ಕಿಲೋಮೀಟರು ಹಾದಿ ಸವೆಸಿ ಮನೆಯ ಹಿತ್ತಿಲಿಗೇ ಬಂದಂತಾಯಿತು. ಅಲ್ಲಿ ಹಳೆಯ ಗಣಿಯೊಂದರ ಶಾಫ್ಟಿನೊಳಕ್ಕೆ ಪ್ರವಾಸಿಗಳನ್ನು ಹಣ ಪಡೆದು ಇಳಿಸುತ್ತಾರೆ. ತಲೆಗೆ ಟೋಪಿ, ಕೈಗೆ ದೀಪ ಕೊಟ್ಟು, ಸ್ವಲ್ಪ ಆಳ ತೋರಿಸಿ ಮೇಲಕ್ಕೆ ತರುತ್ತಾರೆ. ನನ್ನ ಭಾವ ಮೂವತ್ತು ವರ್ಷ ಪಾಳಿಯ ಮೇಲೆ ಇಳಿದು ಹತ್ತಿದ ಚಾಂಪಿಯನ್ ರೀಫ್ ಗಣಿ ಹತ್ತು ಸಾವಿರ ಅಡಿಗೂ ಆಳವಾದದ್ದು; ಅದರ ತಳದ ಬಂಡೆಯ ಕಾವು ಅರವತ್ತು ಡಿಗ್ರಿ ಸೆಲ್ಸಿಯಸ್ಸನ್ನು ಮೀರಿತ್ತು. ಟಿಕೆಟ್ಟಿನ ಚೂರನ್ನು ಜೇಬಿಗೆ ಹಾಕಿಕೊಳ್ಳುವಾಗ ಅವರ ಮುಖ ಕಣ್ಮುಂದೆ ಬಂತು.

ಈ ಎರಡು ಚಿನ್ನದ ನೆಲಗಳಿಗೆ ಇನ್ನೊಂದು ವಿಚಿತ್ರ ಬಾಂಧವ್ಯವುಂಟು. 1965ರಲ್ಲಿ ಚಾಂಪಿಯನ್ ರೀಫ್‌ನ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನ ಸಂಗಡಿಗರೊಡನೆ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣದ ಸುಳಿವನ್ನು ಹಿಡಿದರು. ಅದೇ ವರ್ಷ ಜೊಹಾನ್ಸ್‌ಬರ್ಗಿನ ಬಳಿಯ ಈಸ್ಟ್ ರ‍್ಯಾಂಡ್ ಗಣಿಯಲ್ಲಿಯೂ ಇದೇ ಕಾರ್ಯ ನಡೆಯಿತು. ಇಡೀ ಭೂಗೋಲವನ್ನು ತೂರಿ ಆಚೆಗೆ ಹೋಗಬಲ್ಲದು ಈ ಕಣ. ಅದು ಎಲ್ಲಿಯೂ ತಂಗುವುದಿಲ್ಲ, ಎಲ್ಲಿಗೂ ಮರಳುವುದಿಲ್ಲ. ಅದನ್ನು ಕಾಯಲು ಕೆಳಗಿಳಿದ ಮನುಷ್ಯರು ಮಾತ್ರ ಪಾಳಿ ಮುಗಿದೊಡನೆ ಮೇಲೆ ಬಂದು ಮನೆ ಸೇರುತ್ತಿದ್ದರು.

ವಿಮಾನದಲ್ಲಿ ಬೆಂಗಳೂರಿಗೆ ಬಂದಿಳಿದು, ಸಂಜೆಯ ಮಾರಿಕುಪ್ಪಂ ರೈಲು ಹಿಡಿದೆ. ನಿಲ್ಲಲೂ ಎಡೆಯಿಲ್ಲ. ಗಣಿ ಮುಚ್ಚಿದ ಮೇಲೆ ನಮ್ಮ ಕಡೆಯ ಸಾವಿರಾರು ಮಂದಿ ನಸುಕಿನಲ್ಲಿ ಎದ್ದು ಬೆಂಗಳೂರಿಗೆ ಹೋಗಿ, ಕಾರ್ಖಾನೆಯಲ್ಲಿಯೋ ಅಂಗಡಿಯಲ್ಲಿಯೋ ಕಚೇರಿಯ ಬಾಗಿಲಲ್ಲಿಯೋ ದುಡಿದು, ಇರುಳಿಗೆ ಮರಳುತ್ತಾರೆ. ಮಾಲೂರು ದಾಟಿದ ಮೇಲೆ ಪಕ್ಕದ ತರುಣ ನನ್ನ ಪೆಟ್ಟಿಗೆಯ ಮೇಲಿನ ಚೀಟಿಗಳನ್ನು ನೋಡಿ, “ಎಷ್ಟು ದೂರ ಹೋಗಿ ಬಂದ್ರಿ ಸಾರ್?” ಎಂದು ವಿಚಾರಿಸಿದ. ಹೇಳಿದೆ. ಅವನು ಕೋರಮಂಡಲ್‌ನವನೇ. ಟೇಕಲ್ಲಿನ ಬಂಡೆಗುಡ್ಡಗಳು ಕತ್ತಲಲ್ಲಿ ಹಿಂದೆ ಸರಿಯುತ್ತಿರುವಾಗ ನಾನು ಮನಸ್ಸಿನಲ್ಲಿಯೇ ಅವನ ಲೆಕ್ಕ ಮಾಡಿದೆ. ಹೋಗಲು ಸುಮಾರು 75 ಕಿಲೋಮೀಟರು, ಬರಲು ಅಷ್ಟೇ; ವರ್ಷದಲ್ಲಿ 300 ದಿನವೆಂದರೂ 45,000 ಕಿಲೋಮೀಟರು. ಭೂಮಿಯ ಸುತ್ತಳತೆಯೇ 40,000. ವರ್ಷಕ್ಕೊಮ್ಮೆ ಭೂಪ್ರದಕ್ಷಿಣೆ ಮಾಡುತ್ತಿರುವ ಈ ಹುಡುಗನ ಪೆಟ್ಟಿಗೆಯ ಮೇಲೆ ಯಾವ ಚೀಟಿಯೂ ಇಲ್ಲ. ಅವನಿಗಿರುವುದು ಒಂದು ಬುತ್ತಿಯ ಚೀಲ. ಅಷ್ಟು ಹೊತ್ತಿಗೆ ಅವನು ನಿಂತಲ್ಲಿಯೇ ತೂಕಡಿಸುತ್ತಿದ್ದ.

ಬಂಗಾರಪೇಟೆಯಲ್ಲಿ ನಾನು ಇಳಿಯಲಿಲ್ಲ. ಮೊದಲು ಅಕ್ಕನ ಮನೆಗೆ ಹೋಗಬೇಕಾಗಿತ್ತು. 1894ರಲ್ಲಿ ಗಣಿಗಾಗಿಯೇ ಹಾಕಿದ ಕವಲುದಾರಿಯಲ್ಲಿ ರೈಲು ಹೊರಳಿತು. ನಮ್ಮ ಊರಿನ ಹೆಸರೇ ಪರಸ್ಥಳದ್ದು. ಚೋಳಮಂಡಲದಿಂದ ಹುಟ್ಟಿತೆಂದು ಹೇಳುವ ಈ ಹೆಸರು ಪೂರ್ವ ಸಮುದ್ರತೀರದ್ದು. ಇಲ್ಲಿ ಕಡಲಿನ ಗಾಳಿಯೂ ಸುಳಿಯದು. ಜನರೂ ಹಾಗೆಯೇ. 1871ರಲ್ಲಿ ಎತ್ತಿನಗಾಡಿ ಕಟ್ಟಿಕೊಂಡು ಚಿನ್ನ ಹುಡುಕುತ್ತ ಇತ್ತ ಬಂದ ಮೈಕೆಲ್ ಲಾವೆಲ್ ಐರ್ಲೆಂಡಿನವನು. ನ್ಯೂಜಿಲೆಂಡಿನ ಯುದ್ಧಗಳಲ್ಲಿ ಸೈನಿಕನಾಗಿದ್ದವನು. 1880ರಲ್ಲಿ ಕೆಲಸ ವಹಿಸಿಕೊಂಡ ಜಾನ್ ಟೇಲರ್ ಕಂಪನಿ ಲಂಡನ್ನಿನದು. ಆರ್ಕಾಟಿನ ತಮಿಳರು, ಚಿತ್ತೂರಿನ ತೆಲುಗರು, ಸುತ್ತಣ ಹಳ್ಳಿಗಳ ಕನ್ನಡಿಗರು ಕೆಳಗಿಳಿದರು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ನು ಚಿನ್ನ ಮೇಲೆ ಬಂತು. ಅದು ಹೋಯಿತು, ಮರಳಿ ಬರಲಿಲ್ಲ. ಮರಳಿ ಬರುತ್ತಿದ್ದವರು ಜನ ಮಾತ್ರ.

ಅಕ್ಕ ಕಾದು ಕುಳಿತಿದ್ದಳು. “ಬಂದ್ಯಾ? ಸೊರಗಿಹೋಗಿದ್ದೀಯ. ಕೈಕಾಲು ತೊಳ್ಕೊ” ಎಂದಳು. ಮುದ್ದೆ, ಹುರುಳಿ ಸಾರು. ವಿಂಬಿಯ ಕಥೆ ಹೇಳಿದೆ, “ಅಲ್ಲೂ ರಾಗಿ ತಿಂತಾರಾ? ಸದ್ಯ, ಹುಡುಗನಿಗೆ ಊಟಕ್ಕೆ ತೊಂದರೆಯಿಲ್ಲ” ಎಂದು ಸಮಾಧಾನಪಟ್ಟಳು. ಊಟವಾದ ಮೇಲೆ ಸೋದರಳಿಯನ ಮಾತನ್ನು ಒಪ್ಪಿಸಿದೆ. ನನಗೆ ತಿಳಿದ ಕಾರಣಗಳನ್ನೂ ಸೇರಿಸಿದೆ: ವಯಸ್ಸು, ಒಂಟಿತನ, ಆಷಾಢದ ಗಾಳಿಗೆ ದಿಬ್ಬದಿಂದ ಎದ್ದು ಮನೆಯೊಳಗೆಲ್ಲ ಕೂರುವ ಧೂಳು, ಅವಳ ಕೆಮ್ಮು.

ಅವಳು ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: “ನಿಮ್ಮ ಭಾವ ದಿನಾ ಹೋಗಿ ಬರ್ತೀನಿ ಅಂತಿದ್ರು. ಒಂದೊಂದು ಸಲ ಕೆಳಗೆ ಬಂಡೆ ಸಿಡಿದರೆ ಇಲ್ಲಿ ಗೂಡಿನಲ್ಲಿರೋ ಪಾತ್ರೆ ಅಲುಗೋದು. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬರ್ತಿದ್ವಿ. ಯಾರೂ ಮಾತಾಡ್ತಿರಲಿಲ್ಲ. ಪಾಳಿ ಬಿಡೋ ಸೈರನ್ ಆಗಿ, ತಿರುವಿನಲ್ಲಿ ಅವರ ತಲೆ ಕಂಡ ಮೇಲೇ ಒಲೆ ಹಚ್ತಿದ್ದೆ. ಬರೋರಿಗೆ ಬಾಗಿಲು ತೆಗೆಯೋಕೆ ಒಬ್ಬರು ಇರಬೇಕು ಕಣೋ. ನಾನೂ ಬೆಂಗಳೂರಿಗೆ ಹೊರಟುಹೋದರೆ, ಆಮೇಲೆ ಅವನು ಬರೋದು ಎಲ್ಲಿಗೆ?”

ಅವಳಿಗೆ ನಾನು ಉತ್ತರ ಕೊಡಲಿಲ್ಲ. ಗಡಿಯ ಠಾಣೆಗಳಲ್ಲಿ ‘ನಿಮ್ಮ ಖಾಯಂ ವಿಳಾಸ’ ಎಂದು ಕೇಳಿದಾಗಲೆಲ್ಲ ನಾನು ಬರೆದುಕೊಟ್ಟದ್ದು ಒಂದು ಮನೆಯ ಸಂಖ್ಯೆ. ವಿಳಾಸವೆಂದರೆ ಕಾದಿರುವ ಒಬ್ಬ ವ್ಯಕ್ತಿ ಎಂದು ಅಕ್ಕ ತಿಳಿದಿದ್ದಳು. ಹಾಗೆಂದು ಅವಳ ಕೆಮ್ಮನ್ನು ಮರೆಯಲಾದೀತೆ? ಸೋದರಳಿಯನ ಭಯವೂ ನಿಜ, ಅವಳ ಹಟವೂ ನಿಜ. ಇವೆರಡರ ನಡುವೆ ನಿಂತಿರುವುದು ಆ ದಿಬ್ಬ.

ಇಂಥ ದಿಬ್ಬಗಳು ನಮ್ಮಲ್ಲಿ ಹದಿಮೂರು ಇವೆ. ಅವುಗಳ ಹುಡಿಯಲ್ಲಿ ಇನ್ನೂ ಚಿನ್ನವಿದೆ; ಅದನ್ನು ತೆಗೆಯುವ ಯೋಜನೆಗೆ 2024ರಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಜೊಹಾನ್ಸ್‌ಬರ್ಗಿನಲ್ಲಿ ಹಳೆಯ ದಿಬ್ಬಗಳನ್ನು ನೀರಿನ ಧಾರೆಯಿಂದ ಕರಗಿಸಿ ಮತ್ತೆ ಸಂಸ್ಕರಿಸುವ ಕೆಲಸ ದಶಕಗಳಿಂದ ನಡೆದಿದೆ. ನಮ್ಮಲ್ಲಿಯೂ ಅದು ನಡೆಯಲಿ. ಆದರೆ ಈ ಸಲವೂ ಚಿನ್ನ ಮಾತ್ರ ಹೋಗಿ, ಧೂಳು ಮಾತ್ರ ಉಳಿಯುವಂತಾಗಬಾರದು. ಆ ನೆಲ ಶುಚಿಯಾಗಬೇಕು. ನಸುಕಿನ ರೈಲಿನಲ್ಲಿ ನಿಂತು ತೂಕಡಿಸುವವರಲ್ಲಿ ಕೆಲವರಿಗಾದರೂ ಮನೆಯಿಂದ ನಡೆದು ಹೋಗುವ ದೂರದಲ್ಲಿ ಕೆಲಸ ದೊರೆಯಬೇಕು. ಒಂದು ಊರು ಬದುಕಿದೆಯೆಂಬುದಕ್ಕೆ ಗುರುತು ಅಲ್ಲಿ ಎಷ್ಟು ಸಂಪತ್ತು ಹುಟ್ಟಿತೆಂಬುದಲ್ಲ. ಸಂಜೆಗೆ ಎಷ್ಟು ಜನ ಅಲ್ಲಿಗೆ ಮರಳುತ್ತಾರೆಂಬುದು.

ಅಕ್ಕನ ಮಾತನ್ನು ಹೆಚ್ಚುಕಡಮೆ ಇಲ್ಲದೆ ಬರೆದು ನೈರೋಬಿಗೆ ಕಳುಹಿಸಿದೆ. ಹದಿನೈದು ದಿನಗಳ ಕಾಲ ಉತ್ತರವಿರಲಿಲ್ಲ. ಆಮೇಲೆ ಬಂದ ಓಲೆಯಲ್ಲಿ ಮನೆ ಬಿಡುವ ಪ್ರಸ್ತಾಪವೇ ಇಲ್ಲ. ದೀಪಾವಳಿಗೆ ರಜೆ ದೊರೆತಿದೆಯೆಂದೂ, ಸುಣ್ಣ ಬಳಿಸಲು ಹಣ ಕಳುಹಿಸುತ್ತಿರುವುದಾಗಿಯೂ, ಧೂಳು ತಡೆಯಲು ಕಿಟಕಿಗಳಿಗೆ ಹೊಸ ಗಾಜು ಹಾಕಿಸಬೇಕೆಂದೂ ಬರೆದಿದ್ದಾನೆ. ಕಿಟಕಿಯ ಅಳತೆಗಳನ್ನು ಬಡಗಿ ನಿನ್ನೆ ತೆಗೆದುಕೊಂಡು ಹೋದ.