ಟ್ರೆಮೊಲೊ ಬ್ರಿಡ್ಜ್: ತಂತಿ–ಸ್ಪ್ರಿಂಗ್ ಹಗ್ಗಜಗ್ಗಾಟ

ರೂಮ್‌ಮೇಟ್‌ಗಳೆಲ್ಲ ದುಡ್ಡು ಹಾಕಿ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ತಗೊಳ್ಳೋಕೆ ಹೊರಟಿದ್ದೀರಾ? ಬಣ್ಣಕ್ಕಿಂತ ಮೊದಲು ಬ್ರಿಡ್ಜ್ ನೋಡಿ.

1954ರಲ್ಲಿ ಫೆಂಡರ್ ಸ್ಟ್ರಾಟೋಕಾಸ್ಟರ್ ಜೊತೆ ಬಂದ ಟ್ರೆಮೊಲೊ, ನಾವು ಫಸ್ಟ್ ಇಯರ್‌ನಲ್ಲಿ ಓದುವ ಮೆಕ್ಯಾನಿಕ್ಸ್ ಲೆಕ್ಕವೇ. ಮೇಲೆ ಆರು ತಂತಿಗಳ ಎಳೆತ. 9ರ ಸೆಟ್ ಹಾಕಿದರೆ ಒಟ್ಟು ಸುಮಾರು 38 ಕೆ.ಜಿ.ಯಷ್ಟು. ಹಿಂಬದಿಯಲ್ಲಿ ಅದಕ್ಕೆ ಎದುರಾಗಿ ಸ್ಪ್ರಿಂಗ್‌ಗಳು. ಎರಡರ ಮೊಮೆಂಟ್ ಸಮವಾದಾಗ ಬ್ರಿಡ್ಜ್ ತೇಲುತ್ತದೆ. ಒಂದು ತಂತಿ ತುಂಡಾದರೆ ಸ್ಪ್ರಿಂಗ್ ಗೆಲ್ಲುತ್ತೆ, ಉಳಿದ ಐದರ ಶ್ರುತಿಯೂ ಏರುತ್ತೆ. ಫೆಸ್ಟ್ ಸ್ಟೇಜ್ ಮೇಲೆ ಹಾಗಾದರೆ ಹಾಡು ಅಲ್ಲಿಗೇ ಮುಗೀತು.

ಕೊಳ್ಳುವಾಗ: ಟ್ಯೂನ್ ಮಾಡಿ, ಬಾರನ್ನು ನಾಲ್ಕೈದು ಸಲ ಒತ್ತಿ ಬಿಡಿ, ಮತ್ತೆ ಟ್ಯೂನರ್ ನೋಡಿ. ಶ್ರುತಿ ವಾಪಸ್ ಬರದಿದ್ದರೆ ತಂತಿ ನಟ್‌ನಲ್ಲಿ ಸಿಕ್ಕಿಕೊಳ್ಳುತ್ತಿರಬಹುದು, ಇಲ್ಲವೇ ಬ್ರಿಡ್ಜ್ ತಿರುಗುವ ಅಂಚು ಸವೆದಿರಬಹುದು. ಸವೆದಿದ್ದರೆ ಬಿಡಿ, ಬೇರೆ ನೋಡೋಣ.

ಹೊಂದಿಸುವಾಗ: ಟ್ಯೂನ್ ಆದ ಗಿಟಾರಿನ ಬ್ರಿಡ್ಜ್ ಹಿಂಭಾಗ ಬಾಡಿಯಿಂದ ಸುಮಾರು 3 ಮಿ.ಮೀ. ಎದ್ದಿರಬೇಕು. ಜಾಸ್ತಿ ಎದ್ದಿದ್ದರೆ ಹಿಂದಿನ ಮುಚ್ಚಳ ತೆಗೆದು, ತಂತಿಗಳನ್ನು ಕೊಂಚ ಸಡಿಲಿಸಿ, ಸ್ಪ್ರಿಂಗ್ ಹಿಡಿದಿರುವ ಎರಡೂ ಸ್ಕ್ರೂಗಳನ್ನು ಕಾಲು ಸುತ್ತು ಬಿಗಿ ಮಾಡಿ. ಕಡಿಮೆಯಿದ್ದರೆ ಸ್ಕ್ರೂ ಸಡಿಲಿಸಿ. ಟ್ಯೂನ್ ಮಾಡಿದಾಗ ತೂಕ ಮತ್ತೆ ಬದಲಾಗುತ್ತೆ. ಆದ್ದರಿಂದ ಪ್ರತಿ ಸಲ ಟ್ಯೂನ್ ಮಾಡಿಯೇ ಅಳೆಯಿರಿ. ಮೂರ್ನಾಲ್ಕು ಸುತ್ತಿಗೆ ಸರಿಹೋಗುತ್ತೆ.

ಬಾರ್ ಬಳಸೋದೇ ಇಲ್ಲವೆಂದರೆ ಸ್ಕ್ರೂ ಬಿಗಿದು ಬ್ರಿಡ್ಜನ್ನು ಬಾಡಿ ಮೇಲೆ ಗಟ್ಟಿಯಾಗಿ ಕೂರಿಸಿಬಿಡಿ. ಒಂದು ತಂತಿ ಹೋದರೂ ಮಿಕ್ಕ ಐದು ಶ್ರುತಿಯಲ್ಲೇ ಇರುತ್ತವೆ. ಮೊದಲ ಗಿಟಾರಿಗೆ ನಮ್ಮ ಸಲಹೆ ಇದೇ.